ಟೊಟೊರೊಗೆ ಹೊರಿಸಿದ ಸಾವು

ಹಯಾವೊ ಮಿಯಾಜಾಕಿ ನಿರ್ದೇಶಿಸಿ, ಸ್ಟುಡಿಯೊ ಘಿಬ್ಲಿ 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ತೆರೆಗೆ ತಂದ ‘ಮೈ ನೇಬರ್ ಟೊಟೊರೊ’ ಎಂಬ ಅನಿಮೇಷನ್ ಚಿತ್ರವನ್ನು ಮೆಚ್ಚಿಕೊಂಡು ಬೆಳೆದ ಮಕ್ಕಳಿಗೆ ಲೆಕ್ಕವಿಲ್ಲ. ಆ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅವರ ಕಿವಿಗೆ ಒಂದಲ್ಲ ಒಂದು ಕಡೆಯಿಂದ ಬಂದು ಬೀಳುವ ವ್ಯಾಖ್ಯಾನವೊಂದಿದೆ. ಚಿತ್ರದ ಇಬ್ಬರು ಹುಡುಗಿಯರು ನಿಜಕ್ಕೂ ಸತ್ತಿದ್ದಾರೆ, ಟೊಟೊರೊ ಎಂಬ ಕಾಡಿನ ಜೀವಿ ಮೃತ್ಯುದೇವತೆ, ಇಡೀ ಕಥೆ 1963ರಲ್ಲಿ ನಡೆದ ಒಂದು ಕೊಲೆಯ ಮರೆಮಾಚಿದ ನಿರೂಪಣೆ ಎಂಬುದು ಅದರ ಸಾರ. ಇದನ್ನು ಹೇಳುವವರು ಊಹೆಯೆಂದು ಹೇಳುವುದಿಲ್ಲ. ಮಕ್ಕಳಿಗೆ ಕಾಣದ, ದೊಡ್ಡವರಿಗೆ ಮಾತ್ರ ತಿಳಿಯುವ ನಿಜವಾದ ಅರ್ಥವೆಂದು ಹೇಳುತ್ತಾರೆ. ಕೇಳುವವರು ಒಂದು ಕ್ಷಣ ಬೆಚ್ಚಿ, ಮರುಕ್ಷಣ ಒಪ್ಪಿ, ಮುಂದಿನವರಿಗೆ ದಾಟಿಸುತ್ತಾರೆ. 2020ರಿಂದ ಈ ಚಿತ್ರ ನೆಟ್‌ಫ್ಲಿಕ್ಸ್ ಮೂಲಕ ಭಾರತದ ಮನೆಗಳಿಗೂ ಬಂದಿರುವುದರಿಂದ ಕನ್ನಡದ ನೋಡುಗರಲ್ಲಿಯೂ ಚಿತ್ರದ ಹಿಂದೆಯೇ ಈ ಮಾತು ಬಂದು ಸೇರುತ್ತಿದೆ. ಇದನ್ನು ನಿರುಪದ್ರವಿಯಾದ ಕುತೂಹಲವೆಂದು ಬಿಟ್ಟುಬಿಡುವುದು ತಪ್ಪು. ಈ ವ್ಯಾಖ್ಯಾನ ಸುಳ್ಳು ಮಾತ್ರವಲ್ಲ, ಮಕ್ಕಳ ವಿಷಯದಲ್ಲಿ ಅಗೌರವದ್ದು, ಸತ್ತವರ ವಿಷಯದಲ್ಲಿ ಕ್ರೂರವಾದದ್ದು.

ವಾದದ ಆಧಾರಗಳನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು. ಅಕ್ಕ ಸತ್ಸುಕಿ ಮತ್ತು ನಾಲ್ಕು ವರ್ಷದ ತಂಗಿ ಮೇ ತಮ್ಮ ತಂದೆಯೊಡನೆ ಹಳ್ಳಿಯ ಹಳೆಯ ಮನೆಯೊಂದಕ್ಕೆ ಬಂದು ನೆಲೆಸುತ್ತಾರೆ. ತಾಯಿ ಸಮೀಪದ ಆಸ್ಪತ್ರೆಯಲ್ಲಿ ರೋಗಿಯಾಗಿದ್ದಾಳೆ. ಚಿತ್ರದ ಕೊನೆಯ ಭಾಗದಲ್ಲಿ ಮೇ ತಪ್ಪಿಸಿಕೊಂಡಾಗ ಹಳ್ಳಿಯ ಕೊಳವೊಂದರಲ್ಲಿ ಪುಟ್ಟ ಚಪ್ಪಲಿಯೊಂದು ಸಿಗುತ್ತದೆ. ಈ ವ್ಯಾಖ್ಯಾನದ ಪ್ರಕಾರ ಅದು ಮೇಯದೇ ಚಪ್ಪಲಿ, ಅವಳು ಮುಳುಗಿ ಸತ್ತಿದ್ದಾಳೆ. ಸತ್ಸುಕಿ ಟೊಟೊರೊನ ಬಳಿಗೆ ಓಡುವುದೆಂದರೆ ಪರಲೋಕದ ಬಾಗಿಲು ತಟ್ಟುವುದು. ಅವಳನ್ನು ಹೊತ್ತೊಯ್ಯುವ ಬೆಕ್ಕಿನಾಕಾರದ ಬಸ್ಸು ಸತ್ತವರ ವಾಹನ. ಕೊನೆಯ ದೃಶ್ಯಗಳಲ್ಲಿ ಹುಡುಗಿಯರಿಗೆ ನೆರಳಿಲ್ಲ ಎಂಬುದು ಇನ್ನೊಂದು ಸಾಕ್ಷಿ. ಸತ್ಸುಕಿ ಎಂದರೆ ಜಪಾನಿನ ಹಳೆಯ ಪಂಚಾಂಗದ ಐದನೆಯ ತಿಂಗಳು, ಮೇ ಎಂದರೂ ಐದನೆಯ ತಿಂಗಳು. ಸೈತಾಮಾ ಪ್ರಾಂತದ ಸಯಾಮಾ ಪಟ್ಟಣದಲ್ಲಿ ಶಾಲಾ ಬಾಲಕಿಯೊಬ್ಬಳು ಕೊಲೆಯಾದದ್ದು ಮೇ ತಿಂಗಳಿನಲ್ಲಿ. ಚಿತ್ರದ ಮನೆಯ ಪೆಟ್ಟಿಗೆಯೊಂದರ ಮೇಲೆ ಸಯಾಮಾ ಚಹಾದ ಹೆಸರಿದೆ. ಇಷ್ಟರ ಮೇಲೆ ಈ ಕಟ್ಟಡ ನಿಂತಿದೆ.

ಮೊದಲ ಆರೋಪವೆಂದರೆ, ಈ ವ್ಯಾಖ್ಯಾನ ಮಾಡುವವರು ಚಿತ್ರವನ್ನೇ ನೋಡಿಲ್ಲ, ಅಥವಾ ನೋಡಿದ್ದನ್ನು ನಂಬಲು ಒಪ್ಪಿಲ್ಲ. ಕೊಳದ ದೃಶ್ಯದಲ್ಲಿ ಮುದುಕಿಯೊಬ್ಬಳು ಆ ಚಪ್ಪಲಿಯನ್ನು ನಡುಗುವ ಕೈಗಳಲ್ಲಿ ಹಿಡಿದು ಪ್ರಾರ್ಥಿಸುತ್ತ ಕುಳಿತಿದ್ದಾಳೆ, ಊರಿನ ಗಂಡಸರು ಬಿದಿರುಗಳಿಂದ ನೀರನ್ನು ಶೋಧಿಸುತ್ತಿದ್ದಾರೆ, ಓಡಿಬಂದ ಸತ್ಸುಕಿ ಅದನ್ನು ನೋಡಿ ಇದು ತನ್ನ ತಂಗಿಯದಲ್ಲ ಎನ್ನುತ್ತಾಳೆ. ತಾಯಿಯಿಲ್ಲದ ಮನೆಯಲ್ಲಿ ತಂಗಿಯ ತಲೆ ಬಾಚಿ, ಊಟ ಕಟ್ಟಿ, ಅವಳನ್ನು ದಿನವೂ ನೋಡಿಕೊಳ್ಳುವ ಹುಡುಗಿಗೆ ತಂಗಿಯ ಚಪ್ಪಲಿ ಗೊತ್ತಿಲ್ಲವೇ? ಮೇ ಆಮೇಲೆ ಸಿಗುತ್ತಾಳೆ. ಇಬ್ಬರೂ ಆಸ್ಪತ್ರೆಯ ಹೊರಗಿನ ಪೈನ್ ಮರದ ಕೊಂಬೆಯ ಮೇಲೆ ಕುಳಿತು ಒಳಗೆ ತಂದೆತಾಯಿ ನಗುತ್ತ ಮಾತಾಡುವುದನ್ನು ಕಾಣುತ್ತಾರೆ; ತಾಯಿಗಾಗಿ ತಂದ ಜೋಳದ ತೆನೆಯನ್ನು ಕಿಟಕಿಯಲ್ಲಿ ಇಟ್ಟು ಬರುತ್ತಾರೆ. ಆ ತೆನೆಯ ಮೇಲೆ ಅಮ್ಮನಿಗೆ ಎಂದು ಗೀಚಿದ ಅಕ್ಷರಗಳನ್ನು ತಾಯಿ ತಂದೆ ಇಬ್ಬರೂ ಓದುತ್ತಾರೆ. ಸತ್ತ ಮಗುವಿನ ತೆನೆ ಬದುಕಿರುವವರ ಕೈಗೆ ಹೇಗೆ ಬಂತು? ಚಿತ್ರದ ಕೊನೆಯಲ್ಲಿ ತಂತ್ರಜ್ಞರ ಹೆಸರುಗಳ ಜೊತೆಗೆ ಬರುವ ಚಿತ್ರಗಳಲ್ಲಿ ತಾಯಿ ಮನೆಗೆ ಮರಳಿ ಬಂದು ಮಕ್ಕಳ ಪಕ್ಕದಲ್ಲಿ ಮಲಗಿ ಪುಸ್ತಕ ಓದುತ್ತಾಳೆ. ಇವು ಹಳೆಯ ದಿನಗಳ ನೆನಪು ಎಂಬ ವಿವರಣೆ ತಕ್ಷಣ ಬರುತ್ತದೆ. ಆದರೆ ಅದೇ ಸರಣಿಯಲ್ಲಿ ಹುಡುಗಿಯರು ಆ ಹಳ್ಳಿಯ ಮಕ್ಕಳೊಡನೆ ಆಡುತ್ತಾರೆ. ಊರಿಗೆ ಬಂದ ಮೇಲೆ ಹುಟ್ಟಿದ ಗೆಳೆತನ ಊರಿಗೆ ಬರುವ ಮುಂಚಿನ ನೆನಪಿನಲ್ಲಿ ಇರಲು ಸಾಧ್ಯವೇ?

ನೆರಳಿನ ಪ್ರಶ್ನೆಗೆ ಸ್ಟುಡಿಯೊ ಘಿಬ್ಲಿಯೇ 2007ರ ಮೇ ತಿಂಗಳಿನಲ್ಲಿ ಉತ್ತರ ಕೊಟ್ಟಿದೆ. ಟೊಟೊರೊ ಮೃತ್ಯುದೇವತೆಯೆಂದಾಗಲಿ ಮೇ ಸತ್ತಿದ್ದಾಳೆಂದಾಗಲಿ ಯಾವ ಕಲ್ಪನೆಯೂ ಚಿತ್ರದಲ್ಲಿ ಇಲ್ಲ, ಕೊನೆಯ ದೃಶ್ಯಗಳಿಗೆ ನೆರಳು ಬೇಕಿಲ್ಲವೆಂದು ಚಿತ್ರ ಬರೆಯುವ ಹಂತದಲ್ಲಿ ನಿರ್ಧರಿಸಲಾಯಿತು ಎಂಬುದು ಅದರ ತಾತ್ಪರ್ಯ. ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದ ಆ ಕಾಲದ ಪದ್ಧತಿಯಲ್ಲಿ ಪ್ರತಿಯೊಂದು ನೆರಳೂ ಬೇರೆಯಾಗಿ ಬರೆದು ಸೇರಿಸಬೇಕಾದ ಕೆಲಸವಾಗಿತ್ತು ಎಂಬುದನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಕಳೆದುಹೋದ ಮೇ ಸಾಲಾಗಿ ನಿಂತ ಆರು ಜಿಜೊ ವಿಗ್ರಹಗಳ ಬಳಿ ಕುಳಿತಿರುವುದನ್ನೂ ಸಾವಿನ ಗುರುತಾಗಿ ತೋರಿಸಲಾಗುತ್ತದೆ. ಜಿಜೊ ಎಂದರೆ ಬೌದ್ಧರ ಕ್ಷಿತಿಗರ್ಭ ಬೋಧಿಸತ್ವ. ಸತ್ತ ಮಕ್ಕಳನ್ನು ಕಾಯುವವನು ಎಂಬುದು ನಿಜ. ಬದುಕಿರುವ ಮಕ್ಕಳನ್ನೂ ದಾರಿಹೋಕರನ್ನೂ ಕಾಯುವವನು ಎಂಬುದೂ ಅಷ್ಟೇ ನಿಜ, ಜಪಾನಿನ ಹಳ್ಳಿದಾರಿಗಳ ಪಕ್ಕದಲ್ಲಿ ಅವನ ಕಲ್ಲಿನ ವಿಗ್ರಹಗಳು ನಿಂತಿರುವುದು ಅದಕ್ಕಾಗಿಯೇ. ದಾರಿ ತಪ್ಪಿದ ಮಗುವೊಂದು ದಾರಿ ಕಾಯುವವನ ಪಾದದ ಬಳಿ ಕುಳಿತಿದೆ ಎಂಬುದಕ್ಕಿಂತ ಸ್ಪಷ್ಟವಾದ, ಸುಂದರವಾದ ಅರ್ಥ ಆ ದೃಶ್ಯಕ್ಕೆ ಬೇಕೇ?

ಹೆಸರುಗಳ ವಾದಕ್ಕೆ ಬುಡವೇ ಇಲ್ಲ. ಮಿಯಾಜಾಕಿ ಮೊದಲು ಕಲ್ಪಿಸಿದ್ದು ಒಬ್ಬಳೇ ಹುಡುಗಿಯನ್ನು. ಚಿತ್ರದ ಉದ್ದ ಹೆಚ್ಚಿದಾಗ ಆ ಒಬ್ಬಳು ಇಬ್ಬರಾದಳು. ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ಟೊಟೊರೊನ ಪಕ್ಕದಲ್ಲಿ ನಿಂತ, ಸತ್ಸುಕಿಯೂ ಅಲ್ಲದ ಮೇಯೂ ಅಲ್ಲದ ಆ ಮೊದಲಿನ ಹುಡುಗಿ ಚಿತ್ರದ ಭಿತ್ತಿಪತ್ರದಲ್ಲಿ ಇಂದಿಗೂ ಉಳಿದಿದ್ದಾಳೆ. ಒಂದೇ ಪಾತ್ರದಿಂದ ಒಡೆದ ಇಬ್ಬರಿಗೆ ಒಂದೇ ತಿಂಗಳ ಎರಡು ಹೆಸರುಗಳು ಬಂದದ್ದರಲ್ಲಿ ಯಾವ ಕೊಲೆಯ ಸುಳಿವಿದೆ? ಇನ್ನು ಸಯಾಮಾ ಚಹಾ ಆ ಭಾಗದ ಹೆಸರಾಂತ ಬೆಳೆ. ಚಿತ್ರದ ಪರಿಸರಕ್ಕೆ ಮಾದರಿಯಾದ, ಮಿಯಾಜಾಕಿ ದೀರ್ಘಕಾಲ ಬಾಳಿದ ತೊಕೊರೊಜಾವಾ ಸಯಾಮಾದ ಪಕ್ಕದ ಊರು. ನೆರೆಯೂರಿನ ಚಹಾದ ಪೆಟ್ಟಿಗೆ ಒಂದು ಮನೆಯಲ್ಲಿ ಇದ್ದುದಕ್ಕೆ ಆ ಮನೆಯ ಮಕ್ಕಳು ಕೊಲೆಯಾಗಿರಲೇಬೇಕೇ?

ಈ ಎಲ್ಲದಕ್ಕಿಂತ ಗಟ್ಟಿಯಾದ ಸಾಕ್ಷ್ಯವೊಂದು ಬಿಡುಗಡೆಯ ದಿನದ್ದೇ ಇದೆ. ‘ಟೊಟೊರೊ’ ಬಿಡುಗಡೆಯಾದದ್ದು ಒಂಟಿಯಾಗಿ ಅಲ್ಲ. ಅದೇ ಸ್ಟುಡಿಯೊದ ಇಸಾವೊ ತಕಾಹಾತಾ ನಿರ್ದೇಶಿಸಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅದರ ಜೋಡಿ ಚಿತ್ರವಾಗಿ, ಒಂದೇ ಪ್ರದರ್ಶನದಲ್ಲಿ ತೆರೆಗೆ ಬಂತು. ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ಕಥೆಯನ್ನು ಆಧರಿಸಿದ ಆ ಚಿತ್ರ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅನಾಥರಾದ ಅಣ್ಣತಂಗಿಯರದು. ಅಣ್ಣ ರೈಲು ನಿಲ್ದಾಣದಲ್ಲಿ ಹಸಿವಿನಿಂದ ಸಾಯುವುದೇ ಅದರ ಮೊದಲ ದೃಶ್ಯ. ಪುಟ್ಟ ತಂಗಿಯ ದೇಹ ಸೊರಗಿ ಸೊರಗಿ ಇಲ್ಲವಾಗುವುದನ್ನು, ಅವಳ ದಹನವನ್ನು ಅದು ಯಾವ ಮುಸುಕೂ ಇಲ್ಲದೆ ತೋರಿಸುತ್ತದೆ. ಹೀಗೆ ಮಕ್ಕಳ ಸಾವನ್ನು ನೇರವಾಗಿ ತೋರಿಸುವ ಎದೆಗಾರಿಕೆಯಿದ್ದ ಸ್ಟುಡಿಯೊ ಅದೇ ದಿನ, ಅದೇ ಟಿಕೆಟ್ಟಿಗೆ, ಇನ್ನಿಬ್ಬರು ಮಕ್ಕಳ ಸಾವನ್ನು ಚಪ್ಪಲಿ ಮತ್ತು ನೆರಳುಗಳ ಒಗಟಿನಲ್ಲಿ ಅಡಗಿಸಿಡಬೇಕಾದ ಅಗತ್ಯವೇನಿತ್ತು? ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದವರಿಗೆ ತಿಳಿಯುವುದು ಬೇರೆಯೇ ಮಾತು: ಒಂದರಲ್ಲಿ ಲೋಕ ಮಕ್ಕಳ ಕೈಬಿಡುತ್ತದೆ, ಇನ್ನೊಂದರಲ್ಲಿ ಲೋಕ ಮಕ್ಕಳ ಕೈಹಿಡಿಯುತ್ತದೆ. ಎರಡನೆಯದನ್ನು ಮೊದಲನೆಯದರ ನಕಲು ಮಾಡಿದರೆ ಕೈಹಿಡಿಯುವ ಲೋಕವನ್ನು ಕಲ್ಪಿಸಿದ ಕಲಾವಿದನ ಇಡೀ ಪ್ರಯತ್ನ ಅಳಿಸಿಹೋಗುತ್ತದೆ.

ದೊಡ್ಡವರ ಅರ್ಥ ಈ ಚಿತ್ರದಲ್ಲಿ ಇಲ್ಲವೆಂದಲ್ಲ. ಇದೆ, ಮತ್ತು ಅದು ಬಚ್ಚಿಟ್ಟದ್ದಲ್ಲ, ತೆರೆದ ಬಾಗಿಲಿನ ಎದುರಿಗೇ ಇದೆ. ಕಥೆ ನಡೆಯುವುದು 1950ರ ದಶಕದಲ್ಲಿ. ಆ ದಶಕದ ಆರಂಭದವರೆಗೂ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ರೋಗ ಕ್ಷಯ. ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿಗಳು ಬಳಕೆಗೆ ಬಂದು, ಆರೋಗ್ಯಧಾಮಗಳಿಗೆ ಸೇರಿದವರು ಬದುಕಿ ಮನೆಗೆ ಮರಳುವುದು ಆಗ ತಾನೇ ಸಾಧ್ಯವಾಗುತ್ತಿತ್ತು. 1941ರಲ್ಲಿ ಹುಟ್ಟಿದ ಮಿಯಾಜಾಕಿಯ ಸ್ವಂತ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಹುಡುಗನ ಶಾಲಾದಿನಗಳು ಆ ಹಾಸಿಗೆಯ ಸುತ್ತಲೇ ಕಳೆದವು. ಚಿತ್ರದ ತಾಯಿಯ ಕಾಯಿಲೆಗೆ ತೆರೆಯ ಮೇಲೆ ಹೆಸರು ಕೊಟ್ಟಿಲ್ಲ, ಆದರೆ ಅದರ ಭಾರ ಪ್ರತಿ ದೃಶ್ಯದಲ್ಲಿಯೂ ಇದೆ. ವಾರದ ಕೊನೆಗೆ ಮನೆಗೆ ಬರಬೇಕಿದ್ದ ತಾಯಿ ಬರುವುದಿಲ್ಲವೆಂದು ಆಸ್ಪತ್ರೆಯಿಂದ ಸುದ್ದಿ ಬಂದಾಗ ಅಲ್ಲಿಯವರೆಗೆ ಮನೆಯ ಹೊಣೆಯನ್ನೆಲ್ಲ ನಗುನಗುತ್ತ ಹೊತ್ತಿದ್ದ ಸತ್ಸುಕಿ ನೆರೆಮನೆಯ ಅಜ್ಜಿಯ ಮುಂದೆ ಕುಸಿಯುತ್ತಾಳೆ. ಹಿಂದೆಯೂ ಸ್ವಲ್ಪ ದಿನದ ಆಸ್ಪತ್ರೆ ವಾಸವೆಂದೇ ಹೇಳಿದ್ದರೆಂದು ನೆನೆದು, ಅಮ್ಮ ಸತ್ತುಹೋದರೆ ಏನು ಮಾಡಲಿ ಎಂದು ಬಾಯಿಬಿಟ್ಟು ಅಳುತ್ತಾಳೆ. ಅದನ್ನು ದೂರದಿಂದ ಕೇಳಿದ ನಾಲ್ಕು ವರ್ಷದ ಮೇ ಜೋಳದ ತೆನೆಯೊಂದನ್ನು ಎದೆಗೆ ಅವಚಿಕೊಂಡು, ಅದನ್ನು ತಿಂದರೆ ಅಮ್ಮ ಗುಣವಾಗುತ್ತಾಳೆಂದು ನಂಬಿ, ಒಬ್ಬಳೇ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಸಾವಿನ ಭಯವನ್ನು ಒಂದು ಮಕ್ಕಳ ಚಿತ್ರ ಇದಕ್ಕಿಂತ ನೇರವಾಗಿ ಹೇಗೆ ಹೇಳಬೇಕು? ಆ ಭಯವನ್ನು ಬಾಯಿಬಿಟ್ಟು ಹೇಳಿದ ಮಗುವಿನ ಅಳುವನ್ನು ಕೇಳಿಸಿಕೊಳ್ಳದೆ ಅವಳ ಕಾಲಕೆಳಗೆ ನೆರಳಿದೆಯೋ ಇಲ್ಲವೋ ಎಂದು ಹುಡುಕುವ ನೋಡುಗ ಯಾವ ಗಾಂಭೀರ್ಯದ ಮಾತಾಡುತ್ತಿದ್ದಾನೆ?

ಹೇಳಿದ ಮಾತಿನ ಆಚೆಗಿನ ಅರ್ಥವನ್ನು ಕುರಿತು ಭಾರತೀಯ ಕಾವ್ಯಮೀಮಾಂಸೆ ಆಳವಾಗಿ ಯೋಚಿಸಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಕಟ್ಟಿಕೊಟ್ಟ, ಕನ್ನಡದ ವಿಮರ್ಶೆ ಚೆನ್ನಾಗಿ ಬಲ್ಲ ಧ್ವನಿಸಿದ್ಧಾಂತದಲ್ಲಿ ಮಾತು ನೇರವಾಗಿ ಹೇಳುವುದು ವಾಚ್ಯ, ಅದರ ಮೂಲಕ ಹೊಳೆಯುವುದು ವ್ಯಂಗ್ಯ. ಬೆಳಕು ಬೇಕೆನ್ನುವವನು ದೀಪದ ಕುಡಿಯನ್ನು ಜೋಪಾನ ಮಾಡುವ ಹಾಗೆ ವ್ಯಂಗ್ಯ ಬೇಕೆನ್ನುವವನು ವಾಚ್ಯವನ್ನು ಆದರಿಸಬೇಕೆಂಬುದು ಆ ಸಿದ್ಧಾಂತದ ಮೂಲ ನಿಲುವು. ಟೊಟೊರೊನನ್ನು ಮೃತ್ಯುದೇವತೆ ಮಾಡುವ ವ್ಯಾಖ್ಯಾನದ ದಾರಿ ಇದಕ್ಕೆ ತೀರ ವಿರುದ್ಧವಾದದ್ದು. ಅದು ವಾಚ್ಯವನ್ನು ಮೊದಲು ಸುಳ್ಳೆಂದು ಸಾರುತ್ತದೆ. ಸತ್ಸುಕಿಯ ಮಾತು ಸುಳ್ಳು, ತಾಯಿಯ ಗುಣವಾಗುವಿಕೆ ಸುಳ್ಳು, ಮಕ್ಕಳ ನಗೆ ಸುಳ್ಳು. ಹೀಗೆ ಕೃತಿಯ ಒಂದೊಂದು ಮಾತನ್ನೂ ಅಳಿಸಿದ ಮೇಲೆ ಉಳಿಯುವ ಖಾಲಿ ಜಾಗದಲ್ಲಿ ಯಾವ ಅರ್ಥವನ್ನಾದರೂ ಇಡಬಹುದು. ಕೃತಿಕಾರನ ನಿರಾಕರಣೆ ಕೃತಿಯ ಅರ್ಥಕ್ಕೆ ಕೊನೆಯ ಮಾತಲ್ಲ ಎಂಬ ವಿಮರ್ಶೆಯ ತತ್ತ್ವವನ್ನು ಈ ವ್ಯಾಖ್ಯಾನದ ಪರವಾಗಿ ಮುಂದೊಡ್ಡುವವರಿದ್ದಾರೆ. ಆ ತತ್ತ್ವ ಸರಿಯಾದದ್ದೇ. ಆದರೆ ಅದು ಕೃತಿಕಾರನಿಗಿಂತ ಕೃತಿಗೆ ಹೆಚ್ಚಿನ ಅಧಿಕಾರ ಕೊಡುತ್ತದೆಯೇ ಹೊರತು ಕೃತಿಯ ಮಾತನ್ನೇ ತಿರಸ್ಕರಿಸುವವನಿಗೆ ಅಲ್ಲ. ಸ್ಟುಡಿಯೊ ಅಲ್ಲಗಳೆದರೆ ಅದನ್ನೇ ಮುಚ್ಚಿಡುವ ಹುನ್ನಾರವೆಂದು, ಅಂದರೆ ಇನ್ನೊಂದು ಸಾಕ್ಷಿಯೆಂದು ಎಣಿಸುವ ವಾದವನ್ನು ಯಾವ ಪುರಾವೆಯಿಂದಲೂ ಸೋಲಿಸಲಾಗದು. ಸೋಲಲಾರದ ಇಂಥ ವಾದಕ್ಕೆ ಗೆಲುವೂ ಇಲ್ಲ.

ಈ ರೋಗ ಒಂದು ಚಿತ್ರದ್ದಲ್ಲ. ಅಮೆರಿಕದ ಡಿಸ್ನಿ ಸಂಸ್ಥೆಯ ಚಿತ್ರಗಳ ಚೌಕಟ್ಟುಗಳನ್ನು ಒಂದೊಂದಾಗಿ ನಿಲ್ಲಿಸಿ ಅಶ್ಲೀಲವನ್ನು ಹುಡುಕುವುದು 1990ರ ದಶಕದಲ್ಲಿ ಒಂದು ಗೀಳಾಗಿತ್ತು. 1977ರ ‘ದಿ ರೆಸ್ಕ್ಯೂಅರ್ಸ್’ ಚಿತ್ರದ ಎರಡು ಚೌಕಟ್ಟುಗಳಲ್ಲಿ ಮಾತ್ರ ನಿಜವಾಗಿಯೂ ಬೆತ್ತಲೆ ಹೆಣ್ಣಿನ ಛಾಯಾಚಿತ್ರ ಸೇರಿಕೊಂಡಿದ್ದು ಪತ್ತೆಯಾಗಿ, 1999ರಲ್ಲಿ ಸಂಸ್ಥೆ ಅದರ ಸುಮಾರು 34 ಲಕ್ಷ ವಿಡಿಯೊ ಪ್ರತಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಲ್ಲಿ ಅಡಗಿಸಿದ್ದು ಇತ್ತು, ಅರ್ಥ ಇರಲಿಲ್ಲ. ಆ ಛಾಯಾಚಿತ್ರದಿಂದ ಕಥೆಯ ಒಂದು ಗೆರೆಯೂ ಬೇರೆಯಾಗಿ ತಿಳಿಯುವುದಿಲ್ಲ. ಅಡಗಿದ್ದೆಲ್ಲ ಆಳವಾದದ್ದು, ಕಣ್ಣಿಗೆ ಕಂಡದ್ದೆಲ್ಲ ಮೇಲುಪದರ ಎಂಬ ನಂಬಿಕೆಯೇ ಈ ಗೀಳಿನ ಬೇರು. ಅದರ ಕೆಳಗೆ ಇನ್ನೂ ಕೆಟ್ಟ ನಂಬಿಕೆಯೊಂದಿದೆ: ಮಕ್ಕಳ ಸಂತೋಷಕ್ಕೆ ಸ್ವಂತ ತೂಕವಿಲ್ಲ, ಕೊಲೆ, ಕಾಮ, ಸಾವುಗಳ ಆಧಾರ ಸಿಕ್ಕಾಗ ಮಾತ್ರ ಅದು ದೊಡ್ಡವರ ಗಮನಕ್ಕೆ ಅರ್ಹವಾಗುತ್ತದೆ. ಮಗುವೊಂದು ದೈತ್ಯ ಜೀವಿಯ ಹೊಟ್ಟೆಯ ಮೇಲೆ ಮಲಗಿ ನಿದ್ದೆಹೋಗುವ ದೃಶ್ಯದಲ್ಲಿ ಇರುವುದು ಭಯವನ್ನು ಗೆದ್ದ ನೆಮ್ಮದಿ. ತಾಯಿಯ ಮಡಿಲು ದೂರವಾಗಿರುವ ಮಗುವಿಗೆ ಆ ನೆಮ್ಮದಿ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ಪ್ರೌಢ ಮನಸ್ಸು ಬೇಕು. ಅದನ್ನು ಸಾವಿನ ಮುನ್ಸೂಚನೆ ಎನ್ನಲು ಏನೂ ಬೇಕಿಲ್ಲ.

ಅತ್ಯಂತ ಗುರುತರವಾದ ಆರೋಪ ಸಯಾಮಾಕ್ಕೆ ಸಂಬಂಧಿಸಿದ್ದು. 1963ರ ಮೇ 1ರಂದು ಶಾಲೆಯಿಂದ ಮನೆಗೆ ಹೊರಟ ಹದಿನಾರು ವರ್ಷದ ಬಾಲಕಿ ಕಾಣೆಯಾದಳು. ಎರಡು ಲಕ್ಷ ಯೆನ್ ಕೇಳುವ ಪತ್ರ ಆ ರಾತ್ರಿಯೇ ಮನೆಗೆ ಬಂತು. ಹಣ ಪಡೆಯಲು ಬಂದವನು ಕಾದು ಕುಳಿತಿದ್ದ ಪೊಲೀಸರ ಕೈಯಿಂದ ತಪ್ಪಿಸಿಕೊಂಡ. ಮೇ 4ರಂದು ಅವಳ ಶವ ಹೊಲದ ದಾರಿಯಲ್ಲಿ ಹೂತದ್ದು ಸಿಕ್ಕಿತು. ದೇಶವೆಲ್ಲ ಪೊಲೀಸರನ್ನು ದೂಷಿಸುತ್ತಿದ್ದಾಗ ಅವರ ಕಣ್ಣು ಬಿದ್ದದ್ದು ಬುರಾಕು ಕೇರಿಯ ಮೇಲೆ. ಚರ್ಮದ ಕೆಲಸ, ಕಸಾಯಿ ಕೆಲಸ, ಶವಸಂಸ್ಕಾರಗಳ ಕಾರಣಕ್ಕೆ ಊಳಿಗಮಾನ್ಯ ಜಪಾನು ಮೈಲಿಗೆಯೆಂದು ಹೊರಗಿಟ್ಟ ಸಮುದಾಯಗಳ ವಂಶಜರೇ ಬುರಾಕು ಜನ. 1871ರಲ್ಲಿ ಕಾನೂನು ಆ ಭೇದವನ್ನು ರದ್ದುಪಡಿಸಿದರೂ ಸಮಾಜ ಅದನ್ನು ಬಿಡಲಿಲ್ಲ. ಅಸ್ಪೃಶ್ಯತೆಯ ಚರಿತ್ರೆಯನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಕೇರಿಯ ಇಪ್ಪತ್ತನಾಲ್ಕು ವರ್ಷದ ಕಜುವೊ ಇಶಿಕಾವಾ ಮೇ 23ರಂದು ಬಂಧನಕ್ಕೊಳಗಾದರು. ಬಡತನದಿಂದ ಶಾಲೆ ಕಲಿಯಲಾಗದೆ ಸರಿಯಾಗಿ ಬರೆಯಲೂ ಬಾರದಿದ್ದ ಅವರೇ ಆ ಪತ್ರ ಬರೆದರೆಂದು ಆರೋಪಿಸಲಾಯಿತು. ಸುಮಾರು ಒಂದು ತಿಂಗಳ ವಿಚಾರಣೆಯ ನಂತರ ತಪ್ಪೊಪ್ಪಿಗೆ ಬಂತು. ಎರಡು ಬಾರಿ ಜಾಲಾಡಿದ್ದ ಮನೆಯಲ್ಲಿ ಮೂರನೆಯ ಶೋಧನೆಯ ವೇಳೆ ಬಾಲಕಿಯದೆನ್ನಲಾದ ಪೆನ್ನು ಸಿಕ್ಕಿತು. 1964ರಲ್ಲಿ ಮರಣದಂಡನೆ, 1974ರಲ್ಲಿ ಅದು ಜೀವಾವಧಿಗೆ ಇಳಿಕೆ, 1994ರಲ್ಲಿ ಪೆರೋಲ್. ಸೆರೆಮನೆಯಲ್ಲಿ ಓದುಬರಹ ಕಲಿತ ಇಶಿಕಾವಾ ತಾವು ನಿರಪರಾಧಿಯೆಂದು ಕೊನೆಯವರೆಗೂ ಹೇಳುತ್ತ, ಮರುವಿಚಾರಣೆಗಾಗಿ ಬೇಡುತ್ತ, ಅದು ದೊರೆಯದೆಯೇ 2025ರ ಮಾರ್ಚ್‌ನಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಟೊಟೊರೊನ ರಹಸ್ಯ ಹೇಳುವವರ ಕಥೆಯಲ್ಲಿ ಈ ಮನುಷ್ಯ ಇಲ್ಲ. ಬುರಾಕು ಎಂಬ ಶಬ್ದವಿಲ್ಲ, ಬಲವಂತದ ತಪ್ಪೊಪ್ಪಿಗೆಯ ಆಪಾದನೆಯಿಲ್ಲ, ಅರವತ್ತು ವರ್ಷ ನಡೆದ ನ್ಯಾಯದ ಹೋರಾಟವಿಲ್ಲ. ಇರುವುದು ಸತ್ತ ಹುಡುಗಿ, ಆಮೇಲೆ ಆತ್ಮಹತ್ಯೆ ಮಾಡಿಕೊಂಡ ಅವಳ ಅಕ್ಕ, ಮತ್ತು ಆ ಅಕ್ಕ ದೊಡ್ಡ ಕಾಡುಜೀವಿಯೊಂದನ್ನು ಕಂಡೆನೆಂದು ಹೇಳಿದಳೆಂಬ, ಯಾವ ದಾಖಲೆಯ ಆಧಾರವೂ ಇಲ್ಲದ ಕಟ್ಟುಕಥೆ. ಕೊಲೆಯಾದ ಮಗುವಿನ ಮತ್ತು ದುಃಖದಲ್ಲಿ ಕುಸಿದ ಹೆಣ್ಣಿನ ಬಾಯಿಗೆ ಹೀಗೆ ಮಾತು ತುರುಕಿ, ಅದನ್ನು ಮೈ ಜುಮ್ಮೆನ್ನಿಸುವ ಒಗಟಿನ ಸರಕಾಗಿಸುವ ಹಕ್ಕನ್ನು ಯಾರು ಯಾರಿಗೆ ಕೊಟ್ಟರು? ಒಂದು ನೈಜ ಕ್ರೌರ್ಯವನ್ನೂ ಅದರ ಬೆನ್ನಿಗೆ ನಡೆದ ಇನ್ನೊಂದು ಅನ್ಯಾಯವನ್ನೂ ಅಳಿಸಿ, ಉಳಿದ ರಕ್ತದ ಕಲೆಯನ್ನು ಮಾತ್ರ ಮಕ್ಕಳ ಚಿತ್ರಕ್ಕೆ ಬಳಿಯುವುದು ಚರಿತ್ರೆಯ ಅರಿವಲ್ಲ, ಚರಿತ್ರೆಯ ಲೂಟಿ.

ಕಾಡಿನ ವಿಷಯವೂ ಹೀಗೆಯೇ ಕಣ್ಮರೆಯಾಗಿದೆ. ಹೊಲಗದ್ದೆ ಮತ್ತು ಬೆಟ್ಟದ ಕಾಡುಗಳ ನಡುವೆ ರೈತರು ತಲೆಮಾರುಗಳಿಂದ ಸೌದೆಗೂ ಗೊಬ್ಬರಕ್ಕೂ ಬಳಸಿ ಕಾಪಾಡಿಕೊಂಡು ಬಂದ ತೋಪುಗಳಿರುವ ಪ್ರದೇಶವನ್ನು ಜಪಾನೀಯರು ಸತೊಯಾಮಾ ಎನ್ನುತ್ತಾರೆ. ಟೋಕಿಯೊ ನಗರ ಬೆಳೆದಂತೆ ಅದು ಹೇಗೆ ಕರಗಿತೆಂದು ಮಿಯಾಜಾಕಿ ಕಣ್ಣಾರೆ ಕಂಡಿದ್ದರು. ಚಿತ್ರದ ಕರ್ಪೂರದ ಮಹಾವೃಕ್ಷ, ಅದರ ಮುಂದೆ ತಂದೆಮಕ್ಕಳು ತಲೆಬಾಗುವುದು, ಗದ್ದೆಯ ಬದುವಿನ ನೀರು, ಎಲ್ಲವೂ ಆ ನಷ್ಟದ ಅರಿವಿನಿಂದ ಬರೆದವು. 1990ರಲ್ಲಿ ಆ ಪ್ರದೇಶದ ಜನ ಟೊಟೊರೊನ ಹೆಸರಿನಲ್ಲಿಯೇ ನಿಧಿ ಸ್ಥಾಪಿಸಿ, ದೇಣಿಗೆಯ ಹಣದಿಂದ ಸಯಾಮಾ ಗುಡ್ಡಗಳ ಕಾಡನ್ನು ತುಂಡು ತುಂಡಾಗಿ ಕೊಂಡು ಉಳಿಸತೊಡಗಿದರು. ಅಂಥ ತುಂಡುಗಳು ಈಗ ಐವತ್ತಕ್ಕೂ ಹೆಚ್ಚಿವೆ. ಚಿತ್ರವನ್ನು ಸರಿಯಾಗಿ ಓದಿದವರು ಮಾಡಿದ ಕೆಲಸ ಇದು. ಸಾವಿನ ವ್ಯಾಖ್ಯಾನದಿಂದ ಒಂದು ಮರವಾದರೂ ಉಳಿದಿದೆಯೇ?

ಆದ್ದರಿಂದ ಈ ವ್ಯಾಖ್ಯಾನವನ್ನು ಇನ್ನೊಂದು ದೃಷ್ಟಿಕೋನವೆಂದು ಗೌರವಿಸುವ ಔದಾರ್ಯ ಸಾಕು. ಸಿನಿಮಾ ಬಗ್ಗೆ ಬರೆಯುವವರು ಅದನ್ನು ರೋಚಕ ಸಂಗತಿಯಾಗಿ ಮರುಮುದ್ರಿಸುವುದನ್ನು ನಿಲ್ಲಿಸಬೇಕು. ಶಾಲೆಗಳಲ್ಲಿ, ಚಿತ್ರಸಮಾಜಗಳಲ್ಲಿ ‘ಟೊಟೊರೊ’ ತೋರಿಸುವವರು ಚಿತ್ರ ಮುಗಿದ ಮೇಲೆ ಸತ್ಸುಕಿ ಯಾಕೆ ಅತ್ತಳು, ಮೇ ಯಾಕೆ ತೆನೆ ಹೊತ್ತಳು ಎಂದು ಮಕ್ಕಳನ್ನೇ ಕೇಳಬೇಕು, ಅವರ ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಕಾಯಿಲೆ ಬಿದ್ದವರಿರುವ ಮಗು ಆ ಕೂಟದಲ್ಲಿ ಒಂದಾದರೂ ಇರುತ್ತದೆ, ಅದರ ಮುಂದೆ ತಾಯಿ ಗುಣವಾದದ್ದು ಸುಳ್ಳೆಂದು ಹೇಳುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ. ಇನ್ನು ಸಯಾಮಾದ ಹೆಸರೆತ್ತಲೇಬೇಕೆನ್ನುವವರು ಸಯಾಮಾದ ಬಗ್ಗೆಯೇ ಮಾತಾಡಲಿ: ಕೈಬರಹದ ಬಗ್ಗೆ, ಮೂರನೆಯ ಶೋಧನೆಯಲ್ಲಿ ಸಿಕ್ಕ ಪೆನ್ನಿನ ಬಗ್ಗೆ, ಜಾತಿಯ ಕಾರಣಕ್ಕೆ ಒಂದು ಕೇರಿಯನ್ನು ಮುತ್ತಿದ ಪೊಲೀಸರ ಬಗ್ಗೆ, ಕಜುವೊ ಇಶಿಕಾವಾ ಎಂಬ ಮನುಷ್ಯನ ಬಗ್ಗೆ. ಅಷ್ಟು ಮಾತಾಡುವ ಮನಸ್ಸಿಲ್ಲದವರು ಆ ಹುಡುಗಿಯ ಸಾವನ್ನು ಮುಟ್ಟದಿರಲಿ.